ನೂರಕ್ಕೆ ನೂರು ಬಂದ ವರ್ಷ

ನಮ್ಮೂರ ಶಾಲೆಯ ಹೊಸ ಅಡುಗೆಮನೆಯ ಗೋಡೆಗೆ ಬಿಳಿ ಟೈಲ್ಸ್ ಹಾಕಿದ್ದಾರೆ. ಒರೆಸಿ ನಿಂತರೆ ಮುಖ ಕಾಣುತ್ತದೆ. ಎರಡು ದೊಡ್ಡ ಕಿಟಕಿ, ಕೈಗೆಟಕುವ ನಲ್ಲಿ, ಹಬೆ ಹೊರಗೆ ತಳ್ಳಲು ಫ್ಯಾನು. ಅಲ್ಲಿ ದಿನಾ ಬಿಸಿಯೂಟ ಮಾಡುವವಳು ನಾನು. ಹೊರಗಿನಿಂದ ಬಂದವರು ಯಾರಾದರೂ "ಎಷ್ಟು ಚೆನ್ನಾಗೈತಮ್ಮ ನಿಮ್ಮ ಅಡ್ಗೆಮನೆ" ಎಂದರೆ ಸಾರಿನ ಪಾತ್ರೆಯ ಕಡೆ ತಿರುಗಿಕೊಳ್ಳುತ್ತೇನೆ. ಈ ಅಡುಗೆಮನೆಗಾಗಿ ನನ್ನ ತಂಗಿಯ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಾನು ಬಿಟ್ಟುಕೊಟ್ಟೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಬಂದು, ಕೈಮರದ ಹತ್ತಿರ ಇಳಿದು ಎಡಕ್ಕೆ ನಡೆದರೆ ನಮ್ಮೂರು. ಊರ ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ನಮ್ಮದು ಕುರಿ ಸಾಕುವ ಮನೆ. ಮನೆಯ ಹಿಂದೆ ಮುಳ್ಳುಬೇಲಿಯ ರೊಪ್ಪ. ಕುರಿಗಳನ್ನು ಕೂಡುವ ಜಾಗಕ್ಕೆ ನಮ್ಮ ಕಡೆ ಹಾಗೆನ್ನುತ್ತೇವೆ. ದೀಪಾವಳಿ ಕಳೆಯಿತೆಂದರೆ ಅಪ್ಪ ಮಂದೆ ಹೊಡೆದುಕೊಂಡು ಹಿರಿಯೂರಿನ ಕಡೆ, ನೀರಿರುವ ತೋಟಗಳ ಕಡೆ ಹೋಗಿಬಿಡುತ್ತಿದ್ದ. ಎಳೆಮರಿಗಳನ್ನೂ ಅವುಗಳ ತಾಯಂದಿರನ್ನೂ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದ. ಅವುಗಳ ಜೊತೆ ನಾವಿಬ್ಬರು ಅಕ್ಕತಂಗಿಯರು.

ಅವ್ವ ಸತ್ತಾಗ ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಳು. ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಮೊದಲ ಕೆಲವು ದಿನ ಅವಳನ್ನು ಸೊಂಟದ ಮೇಲೆ ಇಟ್ಟುಕೊಂಡೇ ಶಾಲೆಗೆ ಹೋದೆ. ಅವಳು ಅತ್ತಳು, ಮೇಷ್ಟ್ರು ಹೊರಗೆ ಕರೆದುಕೊಂಡು ಹೋಗು ಎಂದರು. ಹೊರಗೆ ಹೋದವಳು ಮತ್ತೆ ಒಳಗೆ ಬರಲಿಲ್ಲ. ಬೇವಿನ ಮರದ ಕೆಳಗೆ ಅವಳನ್ನು ಆಡಿಸುತ್ತ, ಕಿಟಕಿಯಿಂದ ಕೇಳಿಬರುತ್ತಿದ್ದ ಮಗ್ಗಿಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಅದನ್ನೂ ಬಿಟ್ಟೆ. ಈ ಮಾತನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ ಕೆಲಸದೊಳಗೆ ಇದೂ ಸ್ವಲ್ಪ ಸೇರಿತ್ತೆಂದು ನನ್ನ ಅನುಮಾನ.

ಮದುವೆಯಾಯಿತು, ಎರಡೇ ವರ್ಷಕ್ಕೆ ತವರಿಗೆ ವಾಪಸು ಬಂದೆ. ಅದರ ಕತೆ ಇಲ್ಲಿ ಬೇಡ. ಬಂದ ಮೇಲೆ ಅದೇ ಶಾಲೆಯಲ್ಲಿ ಅಡುಗೆಯ ಕೆಲಸ ಸಿಕ್ಕಿತು. ಅಷ್ಟರಲ್ಲಿ ಅದು ಹತ್ತನೆಯ ತರಗತಿಯವರೆಗೆ ಬೆಳೆದಿತ್ತು, ತಂಗಿ ಅಲ್ಲೇ ಓದುತ್ತಿದ್ದಳು. ಒಂದು ಕಾಲದಲ್ಲಿ ನಾನು ಮಗ್ಗಿ ಕೇಳಿಸಿಕೊಳ್ಳುತ್ತಿದ್ದ ಗೋಡೆಗೆ ತಗಡು ಇಳಿಸಿ ಅಡುಗೆಮನೆ ಮಾಡಿದ್ದರು. ಮಳೆ ಬಂದರೆ ಅಕ್ಕಿಯ ಚೀಲಗಳನ್ನು ತರಗತಿಯೊಳಗೆ ಎಳೆದುಕೊಂಡು ಹೋಗಬೇಕು. ಬಿಸಿಲು ಬಂದರೆ ತಗಡಿನ ಕೆಳಗೆ ನಾವೂ ಬೇಯಬೇಕು. ಗಾಳಿಗೆ ಒಲೆ ಆರುತ್ತಿತ್ತು, ಸೊಪ್ಪಿನ ಸಾರಿನೊಳಗೆ ಬೇವಿನೆಲೆ ಉದುರುತ್ತಿತ್ತು. ನನ್ನ ಜೊತೆ ಇನ್ನೊಬ್ಬಳು ವಯಸ್ಸಾದ ಹೆಂಗಸು ಇದ್ದಳು. ಮಕ್ಕಳೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ.

ಒಂದು ಶಾಲೆಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಅಡುಗೆಯವಳಿಗೆ ಬೇಗ ತಿಳಿಯುತ್ತದೆ. ಮಕ್ಕಳು ಎಷ್ಟೋ ಅಷ್ಟು ಅಕ್ಕಿ, ಅಷ್ಟು ಬೇಳೆ. ಮಕ್ಕಳು ಕಡಿಮೆಯಾದರೆ ಒಬ್ಬ ಮೇಷ್ಟ್ರನ್ನು ಬೇರೆ ಊರಿಗೆ ಕಳಿಸುತ್ತಾರೆ, ಅಡುಗೆಯವರಲ್ಲೂ ಒಬ್ಬರನ್ನು ಬಿಡಿಸುತ್ತಾರೆ. ದಿನಾ ಬೆಳಿಗ್ಗೆ ಹಾಲಿನ ಪುಡಿ ಕದಡುವ ಹೊತ್ತಿಗೆ ಖಾಸಗಿ ಶಾಲೆಯ ಹಳದಿ ವ್ಯಾನು ನಮ್ಮ ಗೇಟಿನ ಮುಂದೆಯೇ ಹಾರ್ನ್ ಹೊಡೆಯುತ್ತ ಹೋಗುತ್ತಿತ್ತು. ದೊಡ್ಡಮ್ಮ ಸೌಟು ಎತ್ತಿ, "ಹೋತು ನೋಡು, ನಮ್ಮ ಅನ್ನದ ಗಾಡಿ" ಎನ್ನುತ್ತಿದ್ದಳು. ನಗುತ್ತಿದ್ದೆವು. ಆದರೆ ವ್ಯಾನು ತುಂಬಿದಷ್ಟೂ ನಮ್ಮ ಪಾತ್ರೆ ಚಿಕ್ಕದಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಆಗಿನ ಹೆಡ್‌ಮಾಸ್ತರರು ಬಿ.ದುರ್ಗದ ಕಡೆಯವರು. ನಿವೃತ್ತಿ ಹತ್ತಿರವಿತ್ತು. ಕೆಟ್ಟವರಲ್ಲ. ಮೊಟ್ಟೆ ಕೊಡುವ ದಿನ ತಾವೇ ಕುಳಿತು ಸಿಪ್ಪೆ ಸುಲಿಯುತ್ತಿದ್ದರು. ಆ ವರ್ಷ, ಪರೀಕ್ಷೆಗೆ ಎರಡು ತಿಂಗಳಿರುವಾಗ, ಒಂದು ಮಧ್ಯಾಹ್ನ ಊಟ ಮುಗಿದು ನಾವು ಪಾತ್ರೆ ತಿಕ್ಕುತ್ತಿದ್ದಾಗ ತಗಡಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಬಂದರು.

"ಬರ್ರಿ ಸರ್, ಕುಂತ್ಕಳ್ರಿ" ಎಂದು ದೊಡ್ಡಮ್ಮ ಬಕೆಟ್ಟನ್ನು ಮಗುಚಿ ಹಾಕಿದಳು.

ಕುಳಿತರು. "ನಿನ್ನೆ ಚಿತ್ರದುರ್ಗದಾಗೆ ಮೀಟಿಂಗ್ ಇತ್ತು ಕಣಮ್ಮ" ಎಂದರು. "ರಿಸಲ್ಟ್ ಕಡಿಮೆ ಬಂದ ಶಾಲೆಯೋರೆಲ್ಲ ಎದ್ದು ನಿಂತ್ಕಳ್ರಿ ಅಂದ್ರು. ಜೀವಮಾನವೆಲ್ಲ ಹುಡುಗ್ರನ್ನ ಬೆಂಚಿನ ಮೇಲೆ ನಿಲ್ಲಿಸ್ದೋನು ನಾನು. ನಿನ್ನೆ ನನ್ನ ನಿಲ್ಲಿಸಿದ್ರು."

"ಬಗ್ಗಿ ಕಿವಿ ಹಿಡ್ಕಳಿ ಅನ್ಲಿಲ್ವಲ್ಲ ಸರ್, ಪುಣ್ಯ ಅನ್ನಿ" ಎಂದಳು ದೊಡ್ಡಮ್ಮ.

ಅವರೂ ನಕ್ಕರು. ನಕ್ಕು ಮುಗಿಸಿ ನಿಜವಾದ ವಿಷಯ ಹೇಳಿದರು. ಗುಡ್ಡದ ಮೇಲಿನ ಗಾಳಿಯಂತ್ರದ ಕಂಪನಿಯವರು ತಾಲ್ಲೂಕಿನಲ್ಲಿ ಒಂದು ಶಾಲೆಗೆ ಕಟ್ಟಡ ಕಟ್ಟಿಸಿಕೊಡುತ್ತಾರಂತೆ. ಎರಡು ಕೊಠಡಿ, ಒಂದು ಅಡುಗೆಮನೆ. ಯಾವ ಶಾಲೆಗೆಂದರೆ, ಆ ವರ್ಷ ಹತ್ತನೆಯ ತರಗತಿಯಲ್ಲಿ ನೂರಕ್ಕೆ ನೂರು ಪಾಸಾದ ಹಳ್ಳಿಯ ಶಾಲೆಗೆ. ಸರ್ಕಾರಕ್ಕೆ ಬರೆದು ಬರೆದು ಅವರಿಗೆ ಸಾಕಾಗಿತ್ತು. ಎರಡು ಕೊಠಡಿ ಆದರೆ ವ್ಯಾನಿಗೆ ಹೋಗುವ ಮಕ್ಕಳಲ್ಲಿ ಕೆಲವರಾದರೂ ಉಳಿಯುತ್ತಾರೆಂಬುದು ಅವರ ಲೆಕ್ಕ.

ನನ್ನ ಕಿವಿಗೆ ಬಿದ್ದದ್ದು ಅಡುಗೆಮನೆ ಎಂಬ ಮಾತು. "ನಮ್ಮ ಮಕ್ಕಳಲ್ಲಿ ಯಾರು ಕಷ್ಟ ಸರ್?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಲಿಲ್ಲ. "ಮಿಕ್ಕೋರನ್ನ ಹೆಂಗೋ ದಡ ಮುಟ್ಟಿಸ್ತೀವಿ. ನಿನ್ನ ತಂಗಿದೇ ಯೋಚ್ನೆ ಕಣಮ್ಮ. ಏನ್ ಕೇಳಿದ್ರೂ ಬಾಯೇ ಬಿಡಲ್ಲ. ಪ್ರಿಪರೇಟರೀಲಿ ಎರಡು ಸಬ್ಜೆಕ್ಟ್ ಸ್ವಲ್ಪದ್ರಲ್ಲಿ ಹೋಗೈತೆ."

ತಂಗಿಗೆ ಮಾತು ಉಗ್ಗುತ್ತಿತ್ತು. ಎದುರಿಗೆ ಜನ ನಿಂತರೆ ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಶಾಲೆಗೆ ಯಾರಾದರೂ ಬಂದು ಓದಿಸಿ ನೋಡಿದರೆ ಪುಸ್ತಕ ಹಿಡಿದು ನಿಂತೇ ಇರುತ್ತಿದ್ದಳು. ದಡ್ಡಿ ಎಂದು ಬರೆದುಕೊಂಡು ಹೋಗುತ್ತಿದ್ದರು.

ಹೆಡ್‌ಮಾಸ್ತರರು ಇನ್ನೊಂದು ಮಾತು ಹೇಳಿದರು. ಅವಳ ಹಾಜರಿ ಕಡಿಮೆ ಇತ್ತು. ದೀಪಾವಳಿ ಕಳೆದ ಮೇಲೆ ಅಪ್ಪನಿಗೆ ಮಂದೆಯ ಜೊತೆಯಲ್ಲಿರುವಾಗ ಜ್ವರ ಬಂದು ವಾರಗಟ್ಟಲೆ ಮಲಗಿದ್ದ. ನನಗೆ ಅಡುಗೆಯ ಕೆಲಸ ಬಿಡಲಾಗದೆ ಅವಳನ್ನೇ ಕಳಿಸಿದ್ದೆ. "ಮನೆ ಕಡೆಯಿಂದ ಒಂದು ಕಾಗದ ಬೇಕು. ಕಾರಣ ಬರ್ದು, ದಯವಿಟ್ಟು ಹಾಜರಿ ಕೊಡ್ರಿ ಅಂದ್ರೆ ನಾನು ಮೇಲೆ ಹೇಳಿ ಸರಿ ಮಾಡಿಸ್ತೀನಿ. ಹಾಲ್ ಟಿಕೆಟ್ ಬರುತ್ತೆ."

ಅಷ್ಟು ಹೇಳಿ ಏಳಬೇಕೆಂದಿದ್ದರು. ಆಗ ನಾನು ಬಾಯಿಬಿಟ್ಟೆ.

"ಸರ್, ನಮ್ಮ ರೊಪ್ಪಕ್ಕೆ ಹಿರಿಯೂರಿಂದ ವ್ಯಾಪಾರದೋರು ಬರ್ತಾರಲ್ಲ, ಅವತ್ತು ಕುಂಟ ಕುರೀನ ಮಂದೇಲಿ ಬಿಡಲ್ಲ. ಒಂದು ಕುಂಟ ಕಣ್ಣಿಗೆ ಬಿದ್ರೆ ಇಡೀ ಮಂದೆ ರೇಟು ಇಳಿಸ್ತಾರೆ. ಅವತ್ತೊಂದಿನ ಮನೆ ಹಿಂದೆ ಕಟ್ಟಿರ್ತೀವಿ."

"ಅಂದ್ರೆ? ಏನಂತೀಯಮ್ಮ ನೀನು?"

"ಅವಳು ಮುಂದಿನ ವರ್ಷ ಕಟ್ಲಿ ಸರ್. ಹೊರಗಿಂದ."

ದೊಡ್ಡಮ್ಮನ ಕೈಯಲ್ಲಿದ್ದ ತೆಂಗಿನ ನಾರು ನಿಂತಿತು. "ಲೇ, ಬಾಯಿ ತೊಳ್ಕಳೇ. ಕುರಿ ಅಲ್ಲ ಅದು, ನಿನ್ನ ಒಡಹುಟ್ಟಿದ್ದು."

ಹೆಡ್‌ಮಾಸ್ತರರು ಬೇಡ ಎನ್ನುತ್ತಾರೆಂದು ನಾನು ಕಾದೆ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವರು ಎದ್ದು, ಪ್ಯಾಂಟಿನ ಹಿಂದೆ ಹತ್ತಿದ್ದ ನೀರು ಕೊಡವಿಕೊಂಡು, "ನೀನೇ ಅವಳಿಗೆ ತಾಯಿ ಇದ್ದಂಗೆ. ಯಾವ ಕಾಗದ ಬರ್ಕೊಟ್ರೂ ನಾನು ಇಸ್ಕಂತೀನಿ" ಎಂದು ಹೊರಟುಹೋದರು.

ಎರಡು ಕಾಗದಗಳಲ್ಲಿ ಒಂದನ್ನು ಬರೆಯಬೇಕಿತ್ತು. ಹಾಜರಿ ಕೊಡಿ ಎಂದು ಬೇಡಿಕೊಳ್ಳುವ ಕಾಗದ ಒಂದು, ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುವ ಕಾಗದ ಇನ್ನೊಂದು. ಮೂರು ದಿನ ಯೋಚಿಸಿದೆ. ಅವಳು ಹೇಗೂ ಫೇಲಾಗುತ್ತಾಳೆ, ಊರ ಮುಂದೆ ಅವಮಾನವಾಗುವುದಕ್ಕಿಂತ ಒಂದು ವರ್ಷ ತಡವಾದರೆ ಏನಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಇಷ್ಟು ವರ್ಷವೂ ಅದನ್ನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಅದು ಸುಳ್ಳು.

ನನಗೆ ಗೊತ್ತಿತ್ತು. ದಿನಾ ಸಂಜೆ ಹೊತ್ತು ಮುಳುಗುವ ಮುಂಚೆ ತಂಗಿ ರೊಪ್ಪದ ಮೂಲೆಯ ಕಲ್ಲಿನ ಮೇಲೆ ಕುಳಿತು ಎಳೆಮರಿಗಳ ಮುಂದೆ ಪಾಠ ಓದುತ್ತಿದ್ದಳು. ನಾನು ಗೋಡೆಯ ಈಚೆ ರಾಗಿ ಕೇರುತ್ತ ಕೇಳಿಸಿಕೊಳ್ಳುತ್ತಿದ್ದೆ. ಮರಿಗಳ ಮುಂದೆ ಅವಳ ನಾಲಿಗೆ ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ದ್ಯುತಿಸಂಶ್ಲೇಷಣೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದೇ ಅವಳ ಬಾಯಲ್ಲಿ. ನಾನು ಹೇಳಲು ಹೋದರೆ ನಾಲ್ಕು ತುಂಡಾಗುತ್ತಿತ್ತು. ಅವಳು ನೀರು ಕುಡಿದಷ್ಟು ಸಲೀಸಾಗಿ ಹೇಳಿ, ಪುಸ್ತಕ ಮುಚ್ಚಿ, ಮರಿಗಳಿಗೆ ಅದರ ಅರ್ಥವನ್ನೂ ಹೇಳುತ್ತಿದ್ದಳು. ಪರೀಕ್ಷೆ ಬಾಯಲ್ಲಿ ಹೇಳುವುದಲ್ಲ, ಬರೆಯುವುದು. ಇಷ್ಟು ತಿಳಿಯದಷ್ಟು ದಡ್ಡಿ ನಾನಲ್ಲ. ನನ್ನ ಓದು ನಿಂತದ್ದು ಇವಳಿಗಾಗಿ, ಇವಳದು ಒಂದು ವರ್ಷ ನಿಂತರೆ ಏನು ಮಹಾ ಎನ್ನುವ ಹಳೆಯ ಹೊಟ್ಟೆಕಿಚ್ಚೂ ಎಲ್ಲೋ ಒಳಗೆ ಕುಳಿತಿತ್ತು. ಆಗ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ನಾಲ್ಕನೆಯ ದಿನ, ಅಕ್ಕಿ ಬೇಳೆಯ ತೂಕ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು, 'ನನ್ನ ತಂಗಿಗೆ ಹುಷಾರಿಲ್ಲ, ಶಾಲೆಗೆ ಸರಿಯಾಗಿ ಬಂದಿಲ್ಲ, ಆದ್ದರಿಂದ ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ' ಎಂದು ಬರೆದು ಕೊಟ್ಟೆ. ನನ್ನ ಅಕ್ಷರ ದುಂಡಗೆ ಚೆನ್ನಾಗಿರುತ್ತದೆ. ಅವತ್ತು ಇನ್ನೂ ಚೆನ್ನಾಗಿ ಬರೆದೆ.

ಹಾಲ್ ಟಿಕೆಟ್ ಕೊಟ್ಟ ದಿನ ಅವಳು ಬರಿಗೈಯಲ್ಲಿ ಅಡುಗೆಮನೆಗೆ ಬಂದಳು.

"ಅ... ಅಕ್ಕ, ನಂದು ಬ... ಬಂದಿಲ್ಲ. ಹಾಜರಿ ಸಾಲ್ದಂತೆ."

"ಹೌದಾ?" ಎಂದೆ. ಈರುಳ್ಳಿ ಹೆಚ್ಚುತ್ತಿದ್ದೆ, ಕಣ್ಣಲ್ಲಿ ನೀರಿತ್ತು. ಅವಳು ಅದನ್ನು ಬೇರೆ ರೀತಿ ತಿಳಿದುಕೊಂಡಳು.

"ಅ... ಅಳಬ್ಯಾಡ ಕಣಕ್ಕ. ಅಪ್ಪನ್ನ ನೋಡ್ಕಳಕ್ಕೆ ಹೋಗಿದ್ನಲ್ಲ, ಅದ್ಕೆ. ನಿಂದೇನು ತ... ತಪ್ಪಿಲ್ಲ."

ದೊಡ್ಡಮ್ಮ ಖಾಲಿ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಅವಳು ಈ ವಿಷಯ ಯಾರಿಗೂ ಹೇಳಲಿಲ್ಲ, ಆದರೆ ಅವತ್ತಿನಿಂದ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲೂ ಇಲ್ಲ.

ಪರೀಕ್ಷೆಯ ದಿನಗಳಲ್ಲಿ ತಂಗಿ ಓದುವುದನ್ನು ಬಿಡಲಿಲ್ಲ. ತರಗತಿಯ ಮಕ್ಕಳು ಪ್ರಶ್ನೆಪತ್ರಿಕೆ ಹಿಡಿದು ಊರಿಗೆ ಬಂದ ಕೂಡಲೇ ಯಾರದ್ದಾದರೂ ಒಂದನ್ನು ಇಸಿದುಕೊಂಡು ಬಂದು, ಕಲ್ಲಿನ ಮೇಲೆ ಕುಳಿತು ಉತ್ತರ ಬರೆಯುತ್ತಿದ್ದಳು. ಯಾರಿಗೆ ತೋರಿಸಲಿಕ್ಕೆ? ಬರೆದು ಪುಸ್ತಕದೊಳಗೆ ಮಡಿಸಿಡುತ್ತಿದ್ದಳು. ನಾನು ಅದನ್ನು ಮುಟ್ಟಿ ನೋಡಲಿಲ್ಲ. ನೋಡಿದ್ದರೆ ಸರಿಯೋ ತಪ್ಪೋ ತಿಳಿಯುವಷ್ಟು ಓದು ನನಗಿಲ್ಲ. ಸರಿಯಿರಬಹುದೆಂಬ ಹೆದರಿಕೆ ಮಾತ್ರ ಇತ್ತು.

ನೂರಕ್ಕೆ ನೂರು ಬಂತು. ಊರಿನವರು ಲಾಡು ಹಂಚಿದರು. ಚಿತ್ರದುರ್ಗದಲ್ಲಿ ಹೆಡ್‌ಮಾಸ್ತರರಿಗೆ ಶಾಲು ಹೊದಿಸಿ ಕೂರಿಸಿದರಂತೆ. ಬಂದು ನಮಗೆಲ್ಲ ಫೋಟೊ ತೋರಿಸಿದರು. ನನ್ನ ಸರದಿ ಬಂದಾಗ ಫೋನನ್ನು ಜೇಬಿಗೆ ಇಟ್ಟುಕೊಂಡರು. ಮಳೆಗಾಲ ಮುಗಿದ ಮೇಲೆ ಬುನಾದಿ ತೋಡಿದರು. ಕಟ್ಟಡ ಎದ್ದು ನಿಂತಾಗ ಬಾಗಿಲಿನ ಪಕ್ಕ ಕಲ್ಲಿನ ಫಲಕ ಹಾಕಿ, ಶಾಲೆಯ ಸಾಧನೆಗಾಗಿ ಎಂದು ಕೆತ್ತಿಸಿದರು. ಅದನ್ನು ದಿನಾ ಒರೆಸುವ ಕೆಲಸವೂ ನನಗೇ ಬಂತು.

ತಂಗಿ ಅಷ್ಟರಲ್ಲಿ ಊರಲ್ಲಿರಲಿಲ್ಲ. ಹಿರಿಯೂರಿನ ಹತ್ತಿರ ಬಬ್ಬೂರಿನಲ್ಲಿ ನಮ್ಮ ಸೋದರತ್ತೆಯ ಮನೆಯಿದೆ. ಅಲ್ಲಿನ ಕೃಷಿ ಫಾರಂನಲ್ಲಿ ಕಳೆ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಮಾತಾಡದೆ ಮಾಡುವ ಕೆಲಸ, ನಂಗೆ ಹಿಡಿಸೈತೆ ಎಂದು ಫೋನಿನಲ್ಲಿ ಹೇಳಿದಳು.

ಇಲ್ಲಿಯವರೆಗೆ ಮಾಡಿದ್ದನ್ನು ಯಾರಾದರೂ ಕ್ಷಮಿಸಿದರೂ ಕ್ಷಮಿಸಬಹುದು. ಮುಂದಿನದು ಹಾಗಲ್ಲ. ವ್ಯಾಪಾರದವರು ಹೋದ ಮೇಲೆ ನಾವು ಕುಂಟ ಕುರಿಯನ್ನು ಬಿಚ್ಚಿ ಮಂದೆಗೆ ಬಿಡುತ್ತೇವೆ. ಅದನ್ನು ಕಟ್ಟಿದ ಕೈಯೇ ಬಿಚ್ಚಬೇಕು, ಅಪ್ಪ ಹಾಗೆಯೇ ಮಾಡುತ್ತಾನೆ. ನಾನು ಬಿಚ್ಚಲಿಲ್ಲ.

ಮರುವರ್ಷ ಅವಳು ಫೋನು ಮಾಡಿದಳು. "ಅಕ್ಕ, ಹೊ... ಹೊರಗಿಂದ ಕಟ್ಟಕ್ಕೆ ಅರ್ಜಿ ಬಿಟ್ಟವ್ರಂತೆ. ನಮ್ಮ ಶಾ... ಶಾಲೆಯಿಂದ್ಲೇ ಹಾಕ್ಬೇಕಂತೆ. ನೀನು ಅಲ್ಲೇ ಇರ್ತೀಯಲ್ಲ, ಕೇಳಿ ನೋಡು."

ಅಡುಗೆಮನೆಯಿಂದ ಆಫೀಸಿಗೆ ಇಪ್ಪತ್ತು ಹೆಜ್ಜೆ. ಹೆಡ್‌ಮಾಸ್ತರರು ನಿವೃತ್ತರಾಗಿ, ದೂರದ ಊರಿನಿಂದ ಒಬ್ಬ ಮೇಡಂ ಬಂದಿದ್ದರು. ಬಾಗಿಲವರೆಗೆ ಹೋದೆ. ಒಳಗೆ ಅವರು ಯಾರದ್ದೋ ಹಳೆಯ ಫೈಲು ಬಿಚ್ಚಿ ಒಂದೊಂದೇ ಕಾಗದ ತಿರುವಿ ಓದುತ್ತಿದ್ದರು. ತಂಗಿಯ ಫೈಲಿನಲ್ಲಿ ನನ್ನ ದುಂಡಗಿನ ಅಕ್ಷರದ ಹಾಳೆ ಇತ್ತು. ಅರ್ಜಿ ಹಾಕಿದರೆ ಫೈಲು ತೆಗೆಯುತ್ತಾರೆ, ಸಹಿಗೆ ಅವಳನ್ನು ಕರೆಸುತ್ತಾರೆ, ಅವಳು ನೋಡುತ್ತಾಳೆ. ಬಾಗಿಲಿನಿಂದಲೇ ವಾಪಸು ಬಂದೆ. ಸಂಜೆ ಫೋನು ಮಾಡಿ, "ಡೇಟು ಮುಗ್ದೈತಂತೆ ಕಣೇ" ಎಂದೆ. ಡೇಟು ಮುಗಿದಿರಲಿಲ್ಲ.

"ಹೋಗ್ಲಿ ಬಿ... ಬಿಡಕ್ಕ" ಎಂದಳು. ಹಿಂದಿನಿಂದ ಅತ್ತೆ ಊಟಕ್ಕೆ ಕರೆಯುವುದು ಕೇಳಿಸಿತು.

ಹೀಗೆ ಎರಡು ವರ್ಷ. ಎರಡನೆಯ ಸಲ ಅವಳು ಕೇಳುವ ಮುಂಚೆಯೇ ನಾನು ಹೇಳಿಬಿಟ್ಟೆ, ಈ ಸಲವೂ ಮುಗಿಯಿತಂತೆ ಎಂದು.

ಈ ವರ್ಷ ಅವಳು ನನ್ನನ್ನು ಕೇಳಲಿಲ್ಲ. ಮುಂಜಾನೆಯ ಬಸ್ಸು ಹಿಡಿದು, ಹೊಸದುರ್ಗದಲ್ಲಿ ಬಸ್ಸು ಬದಲಾಯಿಸಿ, ನೇರ ಶಾಲೆಯ ಆಫೀಸಿಗೆ ಬಂದಿದ್ದಳು. ನಾನು ಲೋಟಗಳಿಗೆ ಹಾಲು ಬಗ್ಗಿಸುತ್ತಿದ್ದೆ. ಮೇಡಂ ಕಿಟಕಿಯಿಂದ ಕೂಗಿ ಕರೆದರು. ಒಳಗೆ ಹೋದರೆ ತಂಗಿ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು. ಬೆರಳುಗಳು ನನ್ನವಕ್ಕಿಂತ ಒರಟಾಗಿದ್ದವು.

"ನಿಮ್ಮ ತಂಗಿ ಪರೀಕ್ಷೆ ಕಟ್ಟುತ್ತಾರಂತೆ, ಒಳ್ಳೆಯದಾಯ್ತು" ಎಂದರು ಮೇಡಂ. "ಆಗ ಯಾಕೆ ಬರೆಯಲಿಲ್ಲ ಅಂತ ನೋಡೋಣ ಅಂತ ಫೈಲ್ ತೆಗೆದೆ. ನಿಮ್ಮದೇ ಲೆಟರ್ ಇದೆ." ಯಾವ ಕಪಟವೂ ಇಲ್ಲದೆ ಆ ಹಾಳೆಯನ್ನು ಅವಳ ಕೈಗೆ ಕೊಟ್ಟರು.

ತಂಗಿ ಓದಿದಳು. ತುಟಿ ಮಾತ್ರ ಅಲ್ಲಾಡಿತು. ಮೂರೇ ಸಾಲು, ಅವಳಿಗೆ ಬಹಳ ಹೊತ್ತು ಹಿಡಿಯಿತು. ಹಾಳೆಯ ಹಿಂದೆ ಬೇಳೆಯ ತೂಕ ಬರೆದಿತ್ತು, ಅದನ್ನೂ ತಿರುಗಿಸಿ ನೋಡಿದಳು.

"ಅ... ಅಕ್ಕ, ನಂಗೆ ಏ... ಏನಾಗಿತ್ತು?"

ನಾನು ಸೆರಗಿಗೆ ಕೈ ಒರೆಸಿಕೊಂಡೆ.

"ಹು... ಹುಷಾರಿರ್ಲಿಲ್ಲ ಅಂತ ಬರ್ದೀಯ. ಏನಾಗಿತ್ತು ನಂಗೆ?"

ಮೇಡಂ ನನ್ನ ಮುಖವನ್ನೂ ಅವಳ ಮುಖವನ್ನೂ ನೋಡಿದರು. ಆಗಲಾದರೂ ಹೇಳಬೇಕಿತ್ತು. ಮೂವರೇ ಇದ್ದೆವು, ಬಾಗಿಲು ಮುಚ್ಚಿತ್ತು. ನಾನು, "ಹಾಲು ಒಲೆ ಮೇಲೈತೆ" ಎಂದು ಹೊರಗೆ ಬಂದುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಮಧ್ಯಾಹ್ನ ಅವಳು ಜಗುಲಿಯಲ್ಲಿ ಒಬ್ಬಳೇ ಕುಳಿತಿದ್ದಳು. ತಟ್ಟೆ ತೆಗೆದುಕೊಂಡು ಹೋದೆ. ಹೊಟ್ಟೆ ತುಂಬೈತೆ ಎಂದಳು. ಮುಂಜಾನೆಯಿಂದ ಏನೂ ತಿಂದಿರಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ಹೊಸ ಕೊಠಡಿಗಳಲ್ಲಿ ಒಂದಕ್ಕೆ ಬೀಗ ಹಾಕಿತ್ತು, ಕೂರಿಸಲು ಅಷ್ಟು ಮಕ್ಕಳಿಲ್ಲ. ವ್ಯಾನು ಈಗ ಎರಡು ಸಲ ಬರುತ್ತದೆ. ದೊಡ್ಡಮ್ಮನನ್ನು ಹೋದ ವರ್ಷವೇ ಬಿಡಿಸಿದರು. ನಾಲ್ಕು ಒಲೆಗಳಲ್ಲಿ ನಾನು ಹಚ್ಚುವುದು ಎರಡು.

ದೊಡ್ಡಮ್ಮನನ್ನು ನೋಡಲು ಅವಳು ಅವತ್ತೇ ಹೋಗಿದ್ದಳು. ಅಲ್ಲಿ ಏನು ಕೇಳಿದಳೋ, ದೊಡ್ಡಮ್ಮ ಏನು ಹೇಳಿದಳೋ ನನಗೆ ತಿಳಿಯದು. ವಾಪಸು ಬಂದವಳು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಬಯ್ಯಲಿಲ್ಲ. ಬಯ್ದಿದ್ದರೆ ಉಗ್ಗುತ್ತ ಬಯ್ಯಬೇಕಾಗುತ್ತಿತ್ತು. ಬಹುಶಃ ನನ್ನೆದುರು ಅದೂ ಬೇಡವೆನಿಸಿರಬೇಕು.

ಅರ್ಜಿ ಹಾಕಿ ಆಗಿದೆ. ಪರೀಕ್ಷೆಗೆ ಇನ್ನು ಕೆಲವೇ ವಾರ. ಫಾರಂ ಕೆಲಸ ಬಿಟ್ಟು ಮನೆಯಲ್ಲೇ ಇದ್ದಾಳೆ. ಹಳೆಯ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆದು ದೂಳು ಒರೆಸಿಕೊಂಡಳು. ಮಡಿಸಿಟ್ಟಿದ್ದ ಆ ಉತ್ತರದ ಹಾಳೆಗಳೂ ಅದರಲ್ಲೇ ಇದ್ದವು. ಅವಳು ಪಾಸಾಗುತ್ತಾಳೋ ಇಲ್ಲವೋ ಗೊತ್ತಿಲ್ಲ. ಸುಮಾರು ಮೂರು ವರ್ಷ ಕಳೆ ಕಿತ್ತ ಕೈಗೆ ಪೆನ್ನು ಹಿಡಿಯುವ ರೂಢಿ ತಪ್ಪಿದೆ.

ಸಂಜೆ ಶಾಲೆ ಮುಗಿಸಿ ನಾನು ಮನೆಗೆ ಬರುವಾಗ ದಾರಿಯಿಂದಲೇ ರೊಪ್ಪದಲ್ಲಿ ಅವಳು ಓದುವ ಸದ್ದು ಕೇಳುತ್ತದೆ. ದನಿ ಹಾಗೆಯೇ ಇದೆ, ಎಲ್ಲೂ ಎಡವುವುದಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಬರುತ್ತೇನೆ. ಆದರೂ ಮರಿಗಳು ನನ್ನ ವಾಸನೆ ಹಿಡಿದು ತಲೆ ಎತ್ತುತ್ತವೆ. ಅವಳು ಮರಿಗಳನ್ನು ನೋಡಿ, ಓದುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿಬಿಡುತ್ತಾಳೆ. ನಾನು ಒಳಗೆ ಹೋಗಿ ಒಲೆ ಹಚ್ಚಿ, ಪಾತ್ರೆ ಸದ್ದು ಮಾಡುತ್ತ, ಅವಳು ಮತ್ತೆ ಶುರು ಮಾಡುತ್ತಾಳೇನೋ ಎಂದು ಕಾಯುತ್ತೇನೆ. ನಾನು ಮನೆಯಲ್ಲಿರುವಷ್ಟು ಹೊತ್ತು ಅವಳು ಶುರು ಮಾಡುವುದಿಲ್ಲ.